ನಮಗೆ ಒಪ್ಪಿಸಲ್ಪಟ್ಟ ಬೀಜ

(ಓದತಕ್ಕ ಭಾಗ: 2 ತಿಮೊಥೆಯ 1ನೆಯ ಅಧ್ಯಾಯ, 3ರಿಂದ 7ನೆಯ ವಚನಗಳು)



ಪೌಲನು ಸೆರೆಯಲ್ಲಿ ಬೇಡಿಹಾಕಲ್ಪಟ್ಟವನಾಗಿ ತಿಮೊಥೆಯನಿಗೆ ಈ ಪತ್ರವನ್ನು ಬರೆದಾಗ, ಆ ಯೌವನಸ್ಥನ ವಿದ್ಯೆಯನ್ನಾಗಲಿ ಮಾತಿನ ಚಾತುರ್ಯವನ್ನಾಗಲಿ ಹೊಗಳದೆ, ಅವನ ಮನೆಯ ಇಬ್ಬರು ಹೆಂಗಸರನ್ನು ನೆನಪಿಗೆ ತಂದುಕೊಂಡನು. ಅವರಲ್ಲಿ ಒಬ್ಬಳು ಅವನ ಅಜ್ಜಿಯಾದ ಲೋವಿ. ಇನ್ನೊಬ್ಬಳು ಅವನ ತಾಯಿಯಾದ ಯೂನೀಕೆ. ಇವರು ಪ್ರಸಂಗ ಮಾಡಿದರೆಂದಾಗಲಿ ದೇಶಸಂಚಾರ ಮಾಡಿದರೆಂದಾಗಲಿ ಸತ್ಯವೇದದಲ್ಲಿ ಬರೆದಿಲ್ಲ. ಒಂದು ನಂಬಿಕೆ ಮೊದಲು ಅಜ್ಜಿಯಲ್ಲಿ ವಾಸಮಾಡಿತು, ಅನಂತರ ತಾಯಿಯಲ್ಲಿ ವಾಸಮಾಡಿತು, ಈಗ ಮಗನಲ್ಲಿಯೂ ಇರುತ್ತದೆ ಎಂದು ಅಪೊಸ್ತಲನು ನಿಶ್ಚಯಪಟ್ಟಿದ್ದಾನೆ. ಮೂರು ತಲೆಗಳು, ಒಂದೇ ಬೀಜ. ಈ ಸಂಗತಿಯನ್ನು ಕುರಿತು ಈ ತಿಂಗಳು ನಿಮ್ಮೊಂದಿಗೆ ಸ್ವಲ್ಪ ಮಾತಾಡಬೇಕೆಂದಿದ್ದೇನೆ. ಚಳಿ ಮುರಿದು ನೆಲವು ಬೆಚ್ಚಗಾಗುವ ಈ ಕಾಲದಲ್ಲಿ ನಿಮ್ಮಲ್ಲಿ ಅನೇಕರು ಹಿತ್ತಲಲ್ಲಿ ಕಲ್ಲಂಗಡಿಯ ಪಾತಿಗಳನ್ನು ತೋಡುತ್ತಿರುವಿರಷ್ಟೆ. ಆದದರಿಂದ ಆ ಬಳ್ಳಿಯನ್ನೇ ನಮ್ಮ ಗುರುವಾಗಿ ಇಟ್ಟುಕೊಳ್ಳೋಣ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನನ್ನ ತಾಯಿಗೆ ಓದು ಬರಹ ತಿಳಿಯದು. ಆದರೆ ಹೊಳೆಯ ದಂಡೆಯ ಮರಳಿನಲ್ಲಿ ಬೆಳೆಯುತ್ತಿದ್ದ ಉದ್ದನೆಯ ಪಟ್ಟೆಯ ಕಲ್ಲಂಗಡಿಯೊಂದರ ಬೀಜವು ಆಕೆಯ ಬಳಿ ಇತ್ತು. ಅದು ಆಕೆಗೆ ಆಕೆಯ ತಾಯಿಯಿಂದ ಬಂದದ್ದು. ಹಣ್ಣಿನ ತಿರುಳು ನಸುಗೆಂಪು, ಬೀಜ ಕಪ್ಪು, ಸವಿಯು ಬಾಯಲ್ಲಿ ಬಹಳ ಹೊತ್ತು ನಿಲ್ಲುವಂಥದು. ಪ್ರತಿವರುಷವೂ ಮೊದಲನೆಯ ಒಳ್ಳೇ ಹಣ್ಣನ್ನು ಯಾರೂ ಮುಟ್ಟುವದಕ್ಕೆ ಬಿಡದೆ ಬೀಜಕ್ಕಾಗಿ ಕಾದಿಟ್ಟು, ಬೀಜಗಳನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ, ಸೋರೆಬುರುಡೆಯಲ್ಲಿ ತುಂಬಿ ಅಟ್ಟದ ಮೇಲೆ ಇಡುತ್ತಿದ್ದಳು. ನಾನು ಉಪದೇಶಿಗಳ ಶಾಲೆಗೆ ಹೊರಟ ದಿವಸ ಒಂದು ಹಿಡಿ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಪೆಟ್ಟಿಗೆಯೊಳಗೆ ಇಟ್ಟು, "ಎಲ್ಲಿ ಮನೆ ಮಾಡುತ್ತೀಯೋ ಅಲ್ಲಿ ಇದನ್ನು ಹಾಕು" ಎಂದಳು.

ನಾನು ಹಾಕಲಿಲ್ಲ. ಆ ಗಂಟು ನನ್ನ ಪುಸ್ತಕಗಳ ಕೆಳಗೆ ಹನ್ನೊಂದು ವರುಷ ಬಿದ್ದಿತ್ತು. ಅಷ್ಟರಲ್ಲಿ ತಾಯಿ ಕರ್ತನಲ್ಲಿ ನಿದ್ರೆಹೋದಳು. ಹಳ್ಳಿಯ ಮನೆ ಬಿದ್ದುಹೋಯಿತು. ಅಟ್ಟದ ಮೇಲಿದ್ದ ಬುರುಡೆಯನ್ನು ಇಲಿಗಳು ಬರಿದು ಮಾಡಿದವು. ಒಂದು ಬೇಸಗೆಯಲ್ಲಿ ಆಕೆಯ ನೆನಪು ಹೆಚ್ಚಾಗಿ ಬಂದು ನಾನು ಗಂಟನ್ನು ಬಿಚ್ಚಿ ಒಂದೊಂದು ಪಾತಿಗೆ ನಾಲ್ಕು ನಾಲ್ಕು ಬೀಜಗಳಂತೆ ಎಲ್ಲವನ್ನೂ ಬಿತ್ತಿದೆನು. ಕಲ್ಲಂಗಡಿಯ ಬೀಜವು ಚೆನ್ನಾಗಿ ಒಣಗಿಸಿ ಜೋಪಾನಮಾಡಿದರೆ ನಾಲ್ಕೈದು ವರುಷ ಜೀವ ಹಿಡಿದುಕೊಂಡಿರುವದು. ನನ್ನದೋ ಬಿಸಿಲುಮಳೆಗಳ ಕಾವು ತೇವಗಳಲ್ಲಿ ಹನ್ನೊಂದು ವರುಷ ಬಿದ್ದಿದ್ದದ್ದು. ಎರಡು ವಾರ ನೀರು ಹನಿಸಿದೆನು. ಒಂದೂ ಮೊಳೆಯಲಿಲ್ಲ. ಅಗೆದು ನೋಡಿದಾಗ ಸಿಪ್ಪೆಗಳು ಬರಿದಾಗಿದ್ದವು.

ಇಸ್ರಾಯೇಲ್ಯರು ಅರಣ್ಯದಲ್ಲಿ ಐಗುಪ್ತದೇಶದ ತರಕಾರಿಗಳನ್ನೂ ಹಣ್ಣುಗಳನ್ನೂ ನೆನಸಿಕೊಂಡು ಅತ್ತರೆಂದು ಅರಣ್ಯಕಾಂಡದ 11ನೆಯ ಅಧ್ಯಾಯದಲ್ಲಿ ಓದುತ್ತೇವೆ. ಅವರು ಬಯಸಿದ್ದರಲ್ಲಿ ಕಲ್ಲಂಗಡಿಯೂ ಒಂದೆಂದು ವೇದಪಂಡಿತರಲ್ಲಿ ಅನೇಕರು ಹೇಳುತ್ತಾರೆ. ಐಗುಪ್ತದ ಅರಸನಾದ ತೂತಂಖಾಮನನ ಸಮಾಧಿಯಲ್ಲಿಯೂ ಕಲ್ಲಂಗಡಿಯ ಬೀಜಗಳು ಸಿಕ್ಕಿವೆ. ಆದದರಿಂದ ಆ ದೇಶದವರು ಅದನ್ನು ಮೂರು ಸಾವಿರ ವರುಷಗಳಿಗೂ ಹಿಂದೆ ಬಲ್ಲವರಾಗಿದ್ದರೆಂಬದು ಸ್ಪಷ್ಟ. ಆ ಜನರು ರುಚಿಯನ್ನು ಮಾತ್ರ ನೆನಸಿಕೊಂಡು ಅತ್ತರು. ನಾನೂ ಹಾಗೆಯೇ ತಾಯಿಯ ಹಣ್ಣಿನ ರುಚಿಯನ್ನು ಹನ್ನೊಂದು ವರುಷ ಹೊಗಳುತ್ತಿದ್ದೆನು, ಆಕೆಯ ಪ್ರಯಾಸವನ್ನು ಒಂದು ದಿವಸವೂ ಮಾಡಲಿಲ್ಲ. ನಮ್ಮ ಸಭೆಗಳಲ್ಲಿ ಹಿರಿಯರ ಭಕ್ತಿಯನ್ನು ಹೊಗಳುವವರು ಎಷ್ಟೋ ಮಂದಿ. ಆ ಭಕ್ತಿಯನ್ನು ಬಿತ್ತುವವರು ಎಷ್ಟು ಮಂದಿ?

ಹೀಗೆ ದುಃಖಪಡುತ್ತಿರುವಾಗ ಅಮೆರಿಕ ದೇಶದ ಒಂದು ಕಲ್ಲಂಗಡಿಯ ಚರಿತ್ರೆಯನ್ನು ಓದಿದೆನು. ಅದರ ಹೆಸರು 'ಮೂನ್ ಆಂಡ್ ಸ್ಟಾರ್ಸ್', ಅಂದರೆ ಚಂದ್ರನಕ್ಷತ್ರಗಳು. ಅದರ ಸಿಪ್ಪೆಯು ರಾತ್ರಿಯ ಆಕಾಶದಂತೆ ಕಡುಹಸುರು. ಅದರ ಮೇಲೆ ದೊಡ್ಡದಾದ ಒಂದೆರಡು ಹಳದಿ ಮಚ್ಚೆಗಳೂ ಲೆಕ್ಕವಿಲ್ಲದ ಸಣ್ಣ ಹಳದಿ ಚುಕ್ಕೆಗಳೂ ಇರುತ್ತವೆ. ಹಣ್ಣಿನ ಮೇಲೆ ಮಾತ್ರವಲ್ಲ, ಎಲೆಗಳ ಮೇಲೆಯೂ ಅದೇ ಚುಕ್ಕೆಗಳು. ನ್ಯೂಯಾರ್ಕ್ ಪಟ್ಟಣದ ಪೀಟರ್ ಹೆಂಡರ್ಸನ್ ಕಂಪೆನಿಯವರು 1926ರಲ್ಲಿ ಅದರ ಬೀಜವನ್ನು ಮಾರುವದಕ್ಕೆ ತೊಡಗಿದರು. ಕಾಲ ಕಳೆದಂತೆ ದೂರದ ಪೇಟೆಗಳಿಗೆ ಸಾಗಿಸಲು ಅನುಕೂಲವಾದ ಬೇರೆ ಜಾತಿಗಳು ಬಂದವು. ಬೀಜದ ಪಟ್ಟಿಗಳಿಂದ ಇದು ಮಾಯವಾಯಿತು. ಅಳಿದೇಹೋಯಿತೆಂದು ಎಲ್ಲರೂ ತಿಳಿದರು.

ಅದೇ ದೇಶದಲ್ಲಿ ಡಯಾನ್ ಓಟ್ ವೀಲಿ ಎಂಬಾಕೆಗೆ ಅವಳ ಅಜ್ಜನು ಎರಡು ಬಗೆಯ ಬೀಜಗಳನ್ನು ಕೊಟ್ಟಿದ್ದನು. ಒಂದು ಹೂವಿನ ಬಳ್ಳಿಯದು, ಒಂದು ತಕ್ಕಾಳಿಯದು. ಅವನ ಹಿರಿಯರು ಜರ್ಮನಿಯ ಬವೇರಿಯಾ ಸೀಮೆಯಿಂದ ವಲಸೆ ಬರುವಾಗ ಅವುಗಳನ್ನು ತಂದಿದ್ದರು. ಅಜ್ಜನು ತೀರಿಹೋದ ಮೇಲೆ, ಈ ಬೀಜವನ್ನು ಉಳಿಸುವ ಭಾರ ಈಗ ತಮ್ಮ ಮೇಲೆ ಬಿತ್ತೆಂದು ಆಕೆಗೂ ಆಕೆಯ ಗಂಡನಾದ ಕೆಂಟ್ ವೀಲಿಗೂ ಹೊಳೆಯಿತು. ಅವರು 1975ರಲ್ಲಿ ಹಳೆಯ ಬೀಜಗಳನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುವವರ ಸಂಘವೊಂದನ್ನು ಪ್ರಾರಂಭಿಸಿದರು. ಈಗ ಅದು 'ಸೀಡ್ ಸೇವರ್ಸ್ ಎಕ್ಸ್‌ಚೇಂಜ್' ಎಂದು ಹೆಸರುಗೊಂಡಿದೆ. ಕೆಂಟ್ ವೀಲಿಯು ಚಂದ್ರನಕ್ಷತ್ರಗಳ ಕಲ್ಲಂಗಡಿಯನ್ನು ಹುಡುಕುತ್ತಿದ್ದನು. 1980ರ ದಶಕದ ಆರಂಭದಲ್ಲಿ ಮಿಸ್ಸೌರಿ ಸಂಸ್ಥಾನದ ಮೇಕನ್ ಎಂಬ ಊರಿನ ಬಳಿಯ ಒಬ್ಬ ಒಕ್ಕಲಿಗನು, ಆ ಹಣ್ಣು ತನ್ನ ಹೊಲದಲ್ಲಿ ಇದೆಯೆಂದು ತಿಳಿಸಿದನು. ಲೋಕವು ಸತ್ತಿತೆಂದು ಲೆಕ್ಕಮಾಡಿದ್ದನ್ನು ಅವನು ಬಿತ್ತುತ್ತಲೇ ಇದ್ದನು. ಅವನ ಬೀಜದಿಂದ ಆ ಜಾತಿಯು ಪುನಃ ಹಬ್ಬಿ, ಈಗ ಅನೇಕ ದೇಶಗಳ ಹಿತ್ತಲುಗಳಲ್ಲಿ ಬೆಳೆಯುತ್ತಿದೆ.

ಪ್ರಿಯರೇ, ಈ ಬಳ್ಳಿಯಿಂದ ನಾವು ಕಲಿಯಬೇಕಾದ ಪಾಠಗಳು ಮೂರು.

ಮೊದಲನೆಯದಾಗಿ, ಬೀಜವನ್ನು ಉಳಿಸುವ ಉಪಾಯವೇನಂದರೆ ಅದನ್ನು ಬಿತ್ತುವದೇ. ಬಿತ್ತುವದೆಂದರೆ ಪ್ರಯಾಸಪಡುವದು. ಕಲ್ಲಂಗಡಿಯು ತಣ್ಣನೆಯ ನೆಲದಲ್ಲಿ ಮೊಳೆಯದು. ಆದದರಿಂದ ನಮ್ಮ ಸೀಮೆಯಲ್ಲಿ ಜನವರಿ ಕೊನೆಯಿಂದ ಫೆಬ್ರವರಿಯೊಳಗೆ ಬಿತ್ತುವದು ಒಳ್ಳೇದು. ನೀರು ನಿಲ್ಲದ ಮರಳುಮಿಶ್ರವಾದ ನೆಲವನ್ನು ಆರಿಸಿಕೊಂಡು, ಒಂದೂವರೆ ಎರಡು ಅಡಿ ಅಗಲದ ಪಾತಿಗಳನ್ನು ತೋಡಿ, ಚೆನ್ನಾಗಿ ಕಳಿತ ಗೊಬ್ಬರವನ್ನು ಮಣ್ಣಿನೊಡನೆ ಬೆರೆಸಬೇಕು. ಸಾಲಿನಿಂದ ಸಾಲಿಗೆ ಎಂಟು ಅಡಿ, ಪಾತಿಯಿಂದ ಪಾತಿಗೆ ಮೂರು ನಾಲ್ಕು ಅಡಿ ಬಿಡಬೇಕು. ಪಾತಿಗೆ ಮೂರು ನಾಲ್ಕು ಬೀಜಗಳನ್ನು ಒಂದು ಅಂಗುಲ ಆಳದಲ್ಲಿ ಊರಿ, ಮೊಳೆತ ಮೇಲೆ ಬಲವಾದ ಒಂದೆರಡನ್ನು ಉಳಿಸಿ ಮಿಕ್ಕವನ್ನು ತೆಗೆಯಬೇಕು. ಎಳೆಯ ಎಲೆಗಳನ್ನು ಕೆಂಪು ದುಂಬಿಯು ತಿಂದು ಜರಡಿಯಂತೆ ಮಾಡುವದು. ಬೆಳಿಗ್ಗೆ ಮಂಜಿನ ಹನಿ ಇರುವಾಗಲೇ ಬೂದಿ ಎರಚಿ, ಕೈಯಿಂದ ದುಂಬಿಗಳನ್ನು ಆರಿಸಬೇಕು. ಹಣ್ಣಿನ ನೊಣವು ಚುಚ್ಚಿ ಕೆಡಿಸಿದ ಕಾಯಿಗಳನ್ನು ಬಳ್ಳಿಯಲ್ಲಿ ಬಿಡದೆ ಆಳವಾಗಿ ಹೂಳಬೇಕು. ಇದೆಲ್ಲವೂ ಒಂದು ದಿವಸದ ಕೆಲಸವಲ್ಲ, ಮೂರು ತಿಂಗಳ ಕೆಲಸ. ಮುಂದಿನ ವರುಷ ಪುನಃ ಮೊದಲಿಂದ.

ನಂಬಿಕೆಯೂ ಹಾಗೆಯೇ. ಪೌಲನು ತಿಮೊಥೆಯನಿಗೆ ಅವನ ಅಜ್ಜಿಯ ನಂಬಿಕೆಯನ್ನು ಜ್ಞಾಪಕಪಡಿಸಿದ ಕೂಡಲೇ, ಅವನಲ್ಲಿರುವ ದೇವರ ವರವನ್ನು ಬೆಂಕಿಯಂತೆ ಕೆದಕಿ ಉರಿಸಬೇಕೆಂದು ಬುದ್ಧಿಹೇಳುತ್ತಾನೆ. ತಾತನು ದೀಕ್ಷಾಸ್ನಾನ ಹೊಂದಿದ ವರುಷವನ್ನು ಸತ್ಯವೇದದ ಮೊದಲನೆಯ ಹಾಳೆಯಲ್ಲಿ ಬರೆದಿಟ್ಟರೆ ಸಾಲದು. ಆ ಹಾಳೆಯ ಮುಂದಿನ ಹಾಳೆಗಳನ್ನು ಮನೆಯವರೆಲ್ಲರೂ ಕೂಡಿ ದಿನದಿನವೂ ತಿರುವಬೇಕು.

ಎರಡನೆಯದಾಗಿ, ಬೆರಕೆಯು ಕೂಡಲೇ ಕಣ್ಣಿಗೆ ಕಾಣಿಸದು. ಇದನ್ನು ಗಮನವಿಟ್ಟು ಕೇಳಿರಿ. ಕಲ್ಲಂಗಡಿಯ ಬಳ್ಳಿಯಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಹೆಣ್ಣುಹೂವಿನ ಕೆಳಗೆ ಬಟಾಣಿಯಷ್ಟು ಸಣ್ಣ ಕಾಯಿ ಇರುವದು. ಹೂವು ಬೆಳಿಗ್ಗೆ ಅರಳಿ ಅದೇ ದಿವಸ ಮುಚ್ಚಿಹೋಗುವದು. ಅಷ್ಟರೊಳಗೆ ಜೇನುನೊಣಗಳು ಗಂಡುಹೂವಿನ ಹುಡಿಯನ್ನು ಹೆಣ್ಣುಹೂವಿಗೆ ಮುಟ್ಟಿಸಬೇಕು. ಆ ನೊಣಗಳಿಗೆ ಬೇಲಿಯೆಂಬದಿಲ್ಲ. ನೆರೆಯವನ ಹೊಲದಲ್ಲಿ ಬೇರೆ ಜಾತಿಯ ಕಲ್ಲಂಗಡಿ ಇದ್ದರೆ ಅದರ ಹುಡಿಯು ನಿಮ್ಮ ಹೂವಿಗೆ ಬರುವದು. ಸೌತೆ, ಕುಂಬಳ, ಕರಬೂಜಗಳ ಹುಡಿ ಕಲ್ಲಂಗಡಿಯಲ್ಲಿ ಬೆರೆಯುತ್ತದೆಂದು ಅನೇಕರು ಹೇಳುತ್ತಾರೆ, ಅದು ನಿಜವಲ್ಲ. ಕಲ್ಲಂಗಡಿಯನ್ನು ಕೆಡಿಸುವದಕ್ಕೆ ಇನ್ನೊಂದು ಕಲ್ಲಂಗಡಿಯೇ ಬೇಕು. ಹಾಗೆಯೇ ನಮ್ಮ ನಂಬಿಕೆಗೆ ಕೇಡು ಬರುವದು ನೆರೆಹೊರೆಯ ಅನ್ಯಮತದವರಿಂದ ಎಂದು ದೂರಿ ಸುಮ್ಮನಿರಬೇಡಿರಿ. ಹೆಚ್ಚಾಗಿ ಅದು ನಂಬಿಕೆಯ ವೇಷ ಹಾಕಿಕೊಂಡಿರುವ ನಮ್ಮ ಸ್ವಂತ ಆಲಸ್ಯದಿಂದಲೇ ಬರುವದು.

ಬೆರಕೆಯಾದ ವರುಷ ಏನು ಕಾಣುವದು? ಏನೂ ಕಾಣದು. ಆ ವರುಷದ ಹಣ್ಣು ತಾಯಿಬಳ್ಳಿಯದೇ. ಅದೇ ಬಣ್ಣ, ಅದೇ ಸವಿ. ಬದಲಾವಣೆಯು ಒಳಗಿನ ಬೀಜದಲ್ಲಿ ಅಡಗಿರುವದು. ಚಂದ್ರನಕ್ಷತ್ರಗಳ ಕಲ್ಲಂಗಡಿಯಲ್ಲಿ ಇನ್ನೂ ಒಂದು ಆಶ್ಚರ್ಯವುಂಟು. ಎಲೆಯ ಮೇಲೆ ಚುಕ್ಕೆಗಳನ್ನು ಕೊಡುವ ಗುಣವು ಬಲವಾದ ಗುಣ. ಚುಕ್ಕೆಯಿಲ್ಲದ ಜಾತಿಯೊಂದಿಗೆ ಬೆರೆತರೂ ಮಾರನೆಯ ವರುಷದ ಸಸಿಗಳಲ್ಲಿ ಚುಕ್ಕೆಗಳು ಹಾಗೆಯೇ ಮೂಡುತ್ತವೆ. ಒಕ್ಕಲಿಗನು ಎಳೆ ಸಸಿಯನ್ನು ನೋಡಿ, "ಗುರುತು ಇದೆ, ಬೀಜ ಶುದ್ಧವಾಗಿದೆ" ಎಂದು ಸಂತೋಷಪಡುವನು. ಆ ಬೆರಕೆಯ ಬಳ್ಳಿಗಳ ಬೀಜವನ್ನೇ ತೆಗೆದು ಬಿತ್ತಿದಾಗ, ಮೂರನೆಯ ತಲೆಯಲ್ಲಿ, ಸುಮಾರು ನಾಲ್ಕರಲ್ಲಿ ಒಂದು ಸಸಿಯು ಗುರುತೇ ಇಲ್ಲದೆ ಮೊಳೆಯುವದು. ಆಗ, "ಇದು ಹೇಗಾಯಿತು?" ಎಂದು ಅವನು ಬೆರಗಾಗುವನು. ಆದದ್ದು ಇಂದಲ್ಲ, ಎರಡು ವರುಷಗಳ ಹಿಂದೆ.

ಲೋವಿ, ಯೂನೀಕೆ, ತಿಮೊಥೆಯ: ಇಲ್ಲಿಯೂ ಮೂರು ತಲೆಗಳು. ಯೂನೀಕೆಯು ಆಲಸ್ಯಪಟ್ಟಿದ್ದರೆ ಅವಳ ಹೆಸರು ವಿಶ್ವಾಸಿಯ ಹೆಸರೇ ಆಗಿರುತ್ತಿತ್ತು. ನಷ್ಟವು ತಿಮೊಥೆಯನಲ್ಲಿ ಕಾಣುತ್ತಿತ್ತು. ನಮ್ಮಲ್ಲಿ ಒಬ್ಬ ತಂದೆಯು ಮನೆಯ ಪ್ರಾರ್ಥನೆಯನ್ನು ಬಿಟ್ಟನೆಂದುಕೊಳ್ಳಿರಿ. ಅವನಿಗೆ ತನ್ನಲ್ಲಿ ಏನೂ ಕಡಿಮೆಯಾದಂತೆ ತೋರದು. ಕರ್ತನ ದಿನದಲ್ಲಿ ಆಲಯಕ್ಕೆ ಹೋಗುವನು, ಕೀರ್ತನೆಗಳು ಅವನಿಗೆ ಬಾಯಿಪಾಠವಾಗಿವೆ. ಮಗನಿಗೂ ಕ್ರೈಸ್ತ ಹೆಸರಿದೆ, ದೀಕ್ಷಾಸ್ನಾನವಾಗಿದೆ, ಎಲೆಯ ಮೇಲಿನ ಚುಕ್ಕೆಯಂತೆ ಗುರುತು ಕಾಣುತ್ತಿದೆ. ಮೊಮ್ಮಗನ ಕಾಲಕ್ಕೆ ಆಲಯದ ಬಾಗಿಲು ಯಾವ ದಿಕ್ಕಿಗೆ ಇದೆಯೆಂಬದೇ ತಿಳಿಯದು. ಆಗ ಸಭೆಯವರು ಕಾಲವನ್ನು ದೂರುವರು, ಶಾಲೆಯನ್ನು ದೂರುವರು, ಉಪದೇಶಿಯನ್ನು ದೂರುವರು.

ಇದಕ್ಕೆ ಉಪಾಯವುಂಟು. ಬೀಜಕ್ಕಾಗಿ ಬೆಳೆಯುವವರು ಬೇರೆ ಕಲ್ಲಂಗಡಿಗಳಿಂದ ಅರ್ಧ ಮೈಲಿಗೂ ಹೆಚ್ಚು ದೂರದಲ್ಲಿ ಬಿತ್ತುತ್ತಾರೆ. ಅಷ್ಟು ನೆಲವಿಲ್ಲದವರು, ನಾಳೆ ಅರಳಲಿರುವ ಹೆಣ್ಣುಮೊಗ್ಗನ್ನೂ ಗಂಡುಮೊಗ್ಗನ್ನೂ ಇಂದಿನ ಸಾಯಂಕಾಲವೇ ನೂಲಿನಿಂದ ಮೆತ್ತಗೆ ಕಟ್ಟಿ, ಬೆಳಿಗ್ಗೆ ಬಿಚ್ಚಿ, ಗಂಡುಹೂವಿನ ಹುಡಿಯನ್ನು ಹೆಣ್ಣುಹೂವಿಗೆ ಕೈಯಾರೆ ಮುಟ್ಟಿಸಿ, ಪುನಃ ಕಟ್ಟಿ, ಆ ಕಾಯಿಯ ತೊಟ್ಟಿಗೆ ಬಣ್ಣದ ದಾರದ ಗುರುತು ಹಾಕುತ್ತಾರೆ. ಹಿತ್ತಲು ಎಷ್ಟು ಚಿಕ್ಕದಾದರೂ ಇದನ್ನು ಮಾಡಬಹುದು. ಬೇಕಾದದ್ದು ಸಾಯಂಕಾಲದ ಎಚ್ಚರಿಕೆ ಮತ್ತು ಬೆಳಗಿನ ಎಚ್ಚರಿಕೆ. ನಮ್ಮ ಮನೆಗಳಿಗೂ ಬೇಕಾದದ್ದು ಇವೇ ಎರಡು: ಸಾಯಂಕಾಲದ ಪ್ರಾರ್ಥನೆ, ಬೆಳಗಿನ ಪ್ರಾರ್ಥನೆ.

ನಾನು ಹೊಸ ಜಾತಿಗಳನ್ನು ಹಳಿಯುತ್ತೇನೆಂದು ಎಣಿಸಬೇಡಿರಿ. ಬೆಂಗಳೂರಿನ ತೋಟಗಾರಿಕೆಯ ಸಂಶೋಧನಾಲಯದವರು ತಿಳಿದೇ ಬೆರಕೆಮಾಡಿ, ಆರಿಸಿ, 'ಅರ್ಕ ಮಾಣಿಕ್' ಎಂಬ ಒಳ್ಳೇ ಕಲ್ಲಂಗಡಿಯನ್ನು ಕೊಟ್ಟಿದ್ದಾರೆ. ಅದನ್ನು ಬೆಳೆದು ಸಾಲ ತೀರಿಸುವ ಒಕ್ಕಲಿಗನು ಧನ್ಯನು. ಆದರೆ ಅಂಗಡಿಯ ಹೈಬ್ರಿಡ್ ಬೀಜದ ಒಂದು ಸ್ವಭಾವವನ್ನು ನೀವು ಬಲ್ಲಿರಿ: ಅದರ ಹಣ್ಣಿನ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಅದೇ ಹಣ್ಣು ಬಾರದು, ವರುಷ ವರುಷವೂ ಕೊಂಡುಕೊಳ್ಳಬೇಕು. ಪೇಟೆಗೆ ಬೆಳೆಯುವವನು ಲೆಕ್ಕನೋಡಿ ಹಾಗೆ ಮಾಡಬಹುದು. ಆತ್ಮದ ವಿಷಯದಲ್ಲಿ ಹಾಗೆ ಮಾಡುವವನಿಗೆ ಅಯ್ಯೋ! ಭಾನುವಾರ ಭಾನುವಾರ ಉಪದೇಶಿಯಿಂದ ಅಷ್ಟಿಷ್ಟು ಭಕ್ತಿಯನ್ನು ಪಡೆದು, ಮನೆಯಲ್ಲಿ ತನ್ನದೆಂಬ ಬೀಜವಿಲ್ಲದೆ ಬದುಕುವವನು, ಉಪದೇಶಿ ಬಾರದ ವಾರ ಏನು ಬಿತ್ತುವನು?

ಮೂರನೆಯದಾಗಿ, ಕೊಟ್ಟ ಬೀಜವೇ ಉಳಿಯುವದು. ಎರಡು ವರುಷಗಳ ಹಿಂದೆ ನಮ್ಮ ಹಳ್ಳಿಯಿಂದ ಹೊಳೆಯಾಚೆಯ ಊರಿನಲ್ಲಿ ಒಬ್ಬ ರೋಗಿಯನ್ನು ನೋಡುವದಕ್ಕೆ ಹೋಗಿದ್ದೆನು. ಹಿಂದಿರುಗುವಾಗ ಮರಳದಿಣ್ಣೆಯ ಮೇಲೆ ಉದ್ದನೆಯ ಪಟ್ಟೆಯ ಕಲ್ಲಂಗಡಿಗಳನ್ನು ಕಂಡು ನಿಂತುಬಿಟ್ಟೆನು. ಆ ಬಳ್ಳಿಗಳನ್ನು ಕಾಯುತ್ತಿದ್ದವಳು ಒಬ್ಬ ಮುದುಕಿ; ನಮ್ಮ ಸಭೆಯವಳಲ್ಲ, ನಮ್ಮ ಮತದವಳೂ ಅಲ್ಲ. ಈ ಬೀಜ ಎಲ್ಲಿಂದ ಬಂತೆಂದು ಕೇಳಿದೆನು. ಆಕೆಯು ನನ್ನ ತಾಯಿಯ ಹೆಸರನ್ನು ಹೇಳಿದಳು. ಒಂದು ಬರಗಾಲದ ವರುಷದಲ್ಲಿ ನನ್ನ ತಾಯಿ ಈ ಹೆಂಗಸಿಗೆ ಒಂದು ಹಿಡಿ ಬೀಜವನ್ನು ಕೊಟ್ಟಿದ್ದಳಂತೆ. ನನಗೆ ಮಾತು ಹೊರಡಲಿಲ್ಲ. ಹಣ್ಣಿಗೂ ಬೀಜಕ್ಕೂ ದುಡ್ಡು ಕೊಡುವದಕ್ಕೆ ಹೋದಾಗ ಆಕೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, "ಯಾಕಪ್ಪಾ, ನಿಮ್ಮವ್ವ ನನಗೆ ಕೊಟ್ಟಾಗ ದುಡ್ಡು ಕೇಳಿದ್ದಳೇನು?" ಎಂದಳು.

ಮಗನಾದ ನನ್ನ ಪೆಟ್ಟಿಗೆಯಲ್ಲಿ ಭದ್ರವಾಗಿದ್ದ ಬೀಜವು ಸತ್ತಿತು. ಪರರಿಗೆ ಧರ್ಮಕ್ಕೆ ಕೊಟ್ಟ ಬೀಜವು ಬದುಕಿತು. ಗೋದಿಯ ಕಾಳನ್ನು ಕುರಿತು ನಮ್ಮ ಕರ್ತನು ಹೇಳಿದ್ದನ್ನು ಯೋಹಾನನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ನೂರು ಸಾರಿ ಓದಿದ್ದೆನು, ಪ್ರಸಂಗವನ್ನೂ ಮಾಡಿದ್ದೆನು. ಆ ಮರಳದಿಣ್ಣೆಯ ಮೇಲೆ ನಿಂತಾಗಲೇ ಅದು ನನ್ನ ಎದೆಗೆ ನಾಟಿತು.

ಹಣ್ಣನ್ನು ಮನೆಗೆ ತಂದೆನು. ನನ್ನ ಮಗನಿಗೆ ಆಗ ಹನ್ನೆರಡು ವರುಷ. ಅವನು ತಿನ್ನುತ್ತಾ ಎಲ್ಲಾ ಸಂಗತಿಯನ್ನು ಕೇಳಿ, "ಅಪ್ಪಾ, ಅಜ್ಜಿ ಕೊಟ್ಟ ಬೀಜವನ್ನು ನೀವು ಯಾಕೆ ಬಿತ್ತಲಿಲ್ಲ?" ಎಂದನು. ಕೆಲಸ ಬಹಳವಿತ್ತು, ಊರೂರು ಸುತ್ತುತ್ತಿದ್ದೆ ಎಂದು ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ನಮ್ಮ ಮನೆಯಲ್ಲಿ ಪ್ರಾರ್ಥನೆ ಮಾಡಿಸುವವರೂ ಅಮ್ಮನೊಬ್ಬರೇ" ಎಂದನು. ಅವನು ನನ್ನನ್ನು ಗದರಿಸಬೇಕೆಂದು ಹೇಳಿದ್ದಲ್ಲ, ಕಂಡದ್ದನ್ನು ಹೇಳಿದನು. ಇತರರ ಮಕ್ಕಳಿಗೆ ಬೋಧಿಸುವದಕ್ಕಾಗಿ ಎಷ್ಟೋ ರಾತ್ರಿಗಳನ್ನು ಹೊರಗೆ ಕಳೆದ ನನಗೆ, ನನ್ನ ಮಗನ ಎಲೆಯ ಮೇಲಿನ ಚುಕ್ಕೆಗಳನ್ನು ಮಾತ್ರ ನೋಡಿ ತೃಪ್ತನಾಗಿದ್ದೆನೆಂಬದು ಆ ರಾತ್ರಿ ತಿಳಿಯಿತು. ನಾನು ಮೊಣಕಾಲೂರಿ ಅತ್ತೆನು. ಅಂದಿನಿಂದ ಮನೆಯಲ್ಲಿರುವ ದಿವಸಗಳಲ್ಲಿ ಬೆಳಿಗ್ಗೆ ಸಾಯಂಕಾಲ ನಾವು ಮೂವರೂ ಕೂಡಿ ಓದುತ್ತೇವೆ. ನಾನಿಲ್ಲದ ದಿವಸ ಮಗನು ಓದುತ್ತಾನೆ. ಕೆಲವು ದಿವಸ ಅವನಿಗೆ ಮನಸ್ಸಿಲ್ಲ. ಕೆಲವು ದಿವಸ ನನಗೂ ನಿದ್ರೆ. ಆದರೂ ಪಾತಿಗೆ ನೀರು ತಪ್ಪಿಸುವದಿಲ್ಲ. ಮೊಳೆಸುವಾತನು ದೇವರು.

ಈಗ ನಿಮ್ಮನ್ನು ಬೇಡಿಕೊಳ್ಳುತ್ತೇನೆ. ನಿಮ್ಮ ಅಟ್ಟದ ಮೇಲೆಯೋ ಮಡಿಕೆಯಲ್ಲಿಯೋ ಹಿರಿಯರ ಬೀಜವೇನಾದರೂ ಇದ್ದರೆ ಈ ತಿಂಗಳೇ ಬಿತ್ತಿರಿ. ಕಾಯಿಯ ತೊಟ್ಟಿನ ಬಳಿಯ ಸುರುಳಿ ಕುಡಿಯು ಒಣಗಿ, ನೆಲಕ್ಕೆ ತಗಲಿದ ಭಾಗವು ಬಿಳುಪಿನಿಂದ ಹಳದಿಗೆ ತಿರುಗಿ, ಬೆರಳಿನಿಂದ ತಟ್ಟಿದರೆ ಮಂದವಾದ ಶಬ್ದ ಬಂದಾಗ ಹಣ್ಣು ಪಕ್ವವಾಯಿತೆಂದು ತಿಳಿಯಿರಿ. ಒಂದೇ ಬಳ್ಳಿಯಿಂದಲ್ಲ, ಐದಾರು ಒಳ್ಳೇ ಬಳ್ಳಿಗಳಿಂದ ಬೀಜ ತೆಗೆಯಿರಿ. ನೀರಿನಲ್ಲಿ ತೇಲುವ ಜೊಳ್ಳನ್ನು ಚೆಲ್ಲಿ, ಗಟ್ಟಿಯಾದವುಗಳನ್ನು ನೆರಳಿನಲ್ಲಿ ಒಣಗಿಸಿ, ಮೂರು ಪಾಲು ಮಾಡಿರಿ: ಒಂದು ಪಾಲು ಬರುವ ವರುಷದ ಬಿತ್ತನೆಗೆ, ಒಂದು ಪಾಲು ಬೆಳೆ ಕೆಟ್ಟರೆ ಆಧಾರಕ್ಕೆ, ಒಂದು ಪಾಲು ನೆರೆಯವರಿಗೆ. ಆ ಮೂರನೆಯ ಪಾಲನ್ನು ಕೊಡುವಾಗ ಮತವನ್ನಾಗಲಿ ಜಾತಿಯನ್ನಾಗಲಿ ಕೇಳಬೇಡಿರಿ. ನಿಮ್ಮ ಮಕ್ಕಳಿಗಾಗಿ ಅದನ್ನು ಕಾಯುವವರು ಯಾರೆಂಬದು ದೇವರಿಗೆ ಮಾತ್ರ ತಿಳಿದದೆ.

ಮತ್ತು ಬೀಜ ಬಿತ್ತಿದ ಸಾಯಂಕಾಲ ಕೈಕಾಲು ತೊಳೆದುಕೊಂಡು ಮನೆಯವರನ್ನೆಲ್ಲಾ ಕರೆದು ಕುಳಿತುಕೊಳ್ಳಿರಿ. ಓದುಬಾರದವರು ಬಾಯಿಪಾಠವಾಗಿರುವ ಒಂದು ವಚನವನ್ನು ಹೇಳಿದರೆ ಸಾಕು. ನನ್ನ ತಾಯಿಗೆ ಬರುತ್ತಿದ್ದದ್ದು ಅಷ್ಟೇ. ಅದು ನನಗೆ ಮುಟ್ಟಿತು.

ಪ್ರಾರ್ಥನೆ: ಸಮಸ್ತ ಬೀಜಗಳಿಗೂ ಒಡೆಯನಾದ ಪರಲೋಕದ ತಂದೆಯೇ, ನಮ್ಮ ಹಿರಿಯರ ಕೈಯಿಂದ ನೀನು ನಮಗೆ ಒಪ್ಪಿಸಿದ್ದನ್ನು ನಾವು ಪೆಟ್ಟಿಗೆಯಲ್ಲಿ ಇಟ್ಟು ಸಾಯಿಸಿದ ತಪ್ಪನ್ನು ಕ್ಷಮಿಸು. ನಾವು ಕಳೆದುಕೊಂಡದ್ದನ್ನು ನೀನು ಯಾವ ಮರಳದಿಣ್ಣೆಯ ಮೇಲೆ ಉಳಿಸಿದ್ದೀಯೋ ಅಲ್ಲಿಗೆ ನಮ್ಮನ್ನು ನಡಿಸು. ನಮ್ಮ ಮಕ್ಕಳಲ್ಲಿ ಗುರುತು ಮಾತ್ರವಲ್ಲ, ಸವಿಯೂ ಇರುವಂತೆ ಮಾಡು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡಿಕೊಳ್ಳುತ್ತೇವೆ. ಆಮೆನ್.